ಬಿಟ್ಟವನಿಗೊಂದು ಕುರ್ಚಿ

ದಕ್ಷಿಣ ಬೆಂಗಳೂರಿನಲ್ಲಿ ಕುಡಿತ ಬಿಡಿಸುವವರಿಗೆ ಬರವಿಲ್ಲ. ಬನಶಂಕರಿ ಬಸ್ ನಿಲ್ದಾಣದ ಸುತ್ತಮುತ್ತ ಯಾವ ಕಂಬವನ್ನಾದರೂ ನೋಡಿ, 'ಅವರಿಗೆ ತಿಳಿಯದಂತೆ ಕುಡಿತ ಬಿಡಿಸಿ' ಎಂಬ ಚೀಟಿ ಅಂಟಿರುತ್ತದೆ. ಮೇಲೆ ಮೂಲವ್ಯಾಧಿಯ ಚೀಟಿ, ಕೆಳಗೆ ಪಿಜಿ ಖಾಲಿ ಇರುವ ಚೀಟಿ, ನಡುವೆ ಇದು. ಪುಡಿಯನ್ನು ಸಾರಿಗೆ ಬೆರೆಸಿ, ಕಾಫಿಗೆ ಬೆರೆಸಿ, ಯಜಮಾನರಿಗೆ ಸುಳಿವೇ ಸಿಗುವುದಿಲ್ಲವಂತೆ. ತಾನು ಬಿಟ್ಟಿದ್ದೇನೆ ಎಂಬುದೇ ತಿಳಿಯದ ಯಜಮಾನರು ಸಂಜೆ ಎಂದಿನಂತೆ ಬಾರಿಗೆ ಹೋಗಿ ಕೂತರೆ ಅದು ಪುಡಿಯ ತಪ್ಪಲ್ಲ. ಯಾರೂ ಅವರಿಗೆ ಹೇಳಿರಲಿಲ್ಲ, ಅಷ್ಟೇ.

ಪುಡಿ ಬೇಡವೆಂದರೆ ಕ್ರಮವಾಗಿಯೂ ಬಿಡಬಹುದು. ಜಯನಗರದ ಮಗ್ಗುಲಲ್ಲೇ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಇದೆ. ಅದರ ವ್ಯಸನ ಚಿಕಿತ್ಸಾ ಕೇಂದ್ರಕ್ಕೆ ದೂರದೂರದ ರಾಜ್ಯಗಳಿಂದ ಜನ ರೈಲು ಹತ್ತಿ ಬರುತ್ತಾರೆ. ಜಯನಗರದವರಿಗೆ ಮಾತ್ರ ಅದು ಬಹಳ ದೂರ. ಗೇಟಿನಲ್ಲಿ ಎದುರುಮನೆಯವರು ಸಿಕ್ಕಿಬಿಟ್ಟರೆ? ಹಾಗಾಗಿ ಮರ್ಯಾದಸ್ಥರು ಮಗನನ್ನು ಚೆನ್ನೈಗೆ ಕರೆದುಕೊಂಡು ಹೋಗಿ ಟಿಟಿಕೆ ಆಸ್ಪತ್ರೆಗೆ ಸೇರಿಸುತ್ತಾರೆ, ಬೀದಿಯಲ್ಲಿ 'ಪ್ರಾಜೆಕ್ಟ್ ಮೇಲೆ ಹೋಗಿದಾನೆ' ಎನ್ನುತ್ತಾರೆ. ಆ ಆಸ್ಪತ್ರೆ ಕಟ್ಟಿದ ಶಾಂತಿ ರಂಗನಾಥನ್ ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಹೆಣ್ಣುಮಗಳು. ಮುಚ್ಚಿಡಬಹುದಾಗಿದ್ದ ಸಂಗತಿಯನ್ನು ಊರಿಗೆಲ್ಲ ಹೇಳಿಕೊಂಡೇ 1980ರಲ್ಲಿ ಕೆಲಸ ಶುರುಮಾಡಿದರು. ಆಕೆ ಬಾಯಿಬಿಟ್ಟು ಕಟ್ಟಿದ ಆಸ್ಪತ್ರೆಗೆ ನಾವು ಬಾಯಿ ಮುಚ್ಚಿಕೊಂಡು ಹೋಗಿಬರುತ್ತೇವೆ.

ಇರಲಿ. ಹೇಗೋ ಬಿಟ್ಟಾಯಿತು ಎನ್ನೋಣ. ಬಿಡಿಸಲು ಡಾಕ್ಟರಿದ್ದಾರೆ, ಸ್ವಾಮೀಜಿಗಳಿದ್ದಾರೆ, ಸೋದರತ್ತೆಯಿದ್ದಾಳೆ. ಬಿಟ್ಟ ಮೇಲೆ ಶನಿವಾರ ಸಂಜೆ ಏಳು ಗಂಟೆಗೆ ಎಲ್ಲಿ ಕೂರಬೇಕು, ಯಾರ ಜೊತೆ ಕೂರಬೇಕು ಎಂಬುದಕ್ಕೆ ಯಾವ ಕಂಬದ ಮೇಲೂ ಚೀಟಿಯಿಲ್ಲ.

ಏಮ್ಸ್ ನಡೆಸಿ ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 16 ಕೋಟಿ ಜನ ಕುಡಿಯುತ್ತಾರೆ. ಅವರಲ್ಲಿ 5.7 ಕೋಟಿ ಜನಕ್ಕೆ ಅದರಿಂದ ಹೊರಬರಲು ಸಹಾಯ ಬೇಕು. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ಸಿಕ್ಕಿದೆ. ಲಾಟರಿ ಹೊಡೆದ ಆ ಮೂವತ್ತೆಂಟನೆಯವನೇ ಈ ಬರಹದ ನಾಯಕ. ವಯಸ್ಸು 24. ಊರು ಹಾಸನದ ಕಡೆ ಎಂದಿಟ್ಟುಕೊಳ್ಳಿ. ವಾಸ ಬಿಟಿಎಂ ಲೇಔಟಿನ ಪಿಜಿ, ಒಂದು ರೂಮಿಗೆ ಮೂರು ಮಂಚ. ಹೆಸರು ಕೇಳಬೇಡಿ, ಅವನ ಪಂಥದಲ್ಲಿ ಹೆಸರು ಹೇಳುವ ಪದ್ಧತಿಯಿಲ್ಲ.

ಪಿಜಿಯ ಗೋಡೆಯ ಮೇಲೆ 'ಧೂಮಪಾನ, ಮದ್ಯಪಾನ ಕಡ್ಡಾಯವಾಗಿ ನಿಷೇಧಿಸಲಾಗಿದೆ' ಎಂದು ಕೆಂಪಕ್ಷರದಲ್ಲಿ ಬರೆದಿದೆ. ತಾರಸಿಯಲ್ಲಿ ನೀರಿನ ಟ್ಯಾಂಕಿನ ಹಿಂದೆ ಖಾಲಿ ಬಾಟಲಿಗಳು ಎಷ್ಟು ಒಪ್ಪವಾಗಿ ನಿಂತಿವೆಯೆಂದರೆ, ಗುಜರಿಯವನು ಬಂದು ಲೆಕ್ಕ ಹಾಕುವುದು ಅರ್ಧ ನಿಮಿಷದ ಕೆಲಸ. ಬಾಟಲಿ ಮಾರಿದ ದುಡ್ಡಿನಲ್ಲಿ ಮಾಲೀಕರು ಆ ಫಲಕಕ್ಕೆ ಇನ್ನೊಂದು ಕೋಟು ಬಣ್ಣ ಹೊಡೆಸುತ್ತಾರೆ.

ಮೂವತ್ತೆಂಟನೆಯವನು ರೂಮಿನಲ್ಲಿ ಕೂರಲಾರ. ಮಂಚದ ಕೆಳಗೊಂದು ಬಾಟಲಿ ಇದೆ, ರೂಮ್‌ಮೇಟಿನದು. ಡಾಕ್ಟರು ಹೇಳಿಕಳಿಸಿದ್ದಾರೆ: ಹಳೆಯ ಜಾಗ, ಹಳೆಯ ಹೊತ್ತು, ಹಳೆಯ ಗೆಳೆಯರು, ಮೂರರಿಂದಲೂ ದೂರವಿರು. ಮಾತು ಸರಿಯೇ. ಸಂಬಳ ಬಂದ ದಿನ, ಸಂಜೆಯ ತಣ್ಣನೆ ಗಾಳಿ, ರಸ್ತೆ ಬದಿಯ ಬಾಂಡ್ಲಿಯಿಂದ ಏಳುವ ಕಬಾಬಿನ ವಾಸನೆ, ಇಷ್ಟು ಸಾಕು, ಬಿಟ್ಟವನ ಮೆದುಳು ತಾನಾಗಿ ಓಪನರ್ ಹುಡುಕುತ್ತದೆ. ಆದರೆ ಡಾಕ್ಟರು ಬಿಡು ಎಂದ ಮೂರನ್ನೂ ಬಿಟ್ಟರೆ ಬಿಟಿಎಂನಲ್ಲಿ ಉಳಿಯುವುದೇನು? ಸಿಲ್ಕ್‌ಬೋರ್ಡಿನ ಟ್ರಾಫಿಕ್ಕು.

ಹಾಗಾಗಿ ಅವನು ಜಯನಗರ ನಾಲ್ಕನೇ ಬ್ಲಾಕಿಗೆ ಬರುತ್ತಾನೆ. ಕಾಫಿ ಕುಡಿಯೋಣ, ಕೂತು ಯಾರೊಡನಾದರೂ ಹರಟೋಣ ಎಂದು. ಕಾಫಿ ಸಿಗುತ್ತದೆ, ಅದರಲ್ಲಿ ಅನುಮಾನವೇ ಬೇಡ. ಕೂರುವುದು ಸಿಗುವುದಿಲ್ಲ. 1983ರಲ್ಲಿ ಇದೇ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾದಂದಿನಿಂದ ಬೆಂಗಳೂರು ಕುರ್ಚಿಯಿಲ್ಲದ ಹೋಟೆಲನ್ನು ಜಗತ್ತಿಗೆ ಕೊಟ್ಟ ಊರು. ನಿಂತು ತಿನ್ನು, ನಿಂತು ಕುಡಿ, ಕೈ ತೊಳೆ, ಹೊರಡು. ಹಿಂದಿರುವವನ ಇಡ್ಲಿ ಪ್ಲೇಟು ಆಗಲೇ ನಿಮ್ಮ ಬೆನ್ನಿಗೆ ತಾಗುತ್ತಿರುತ್ತದೆ. ಕುರ್ಚಿಯಿರುವ ಹಳೆಯ ಹೋಟೆಲುಗಳಲ್ಲಿ ಕೆಲವು ಕಡೆ ಇನ್ನೊಂದು ಬಗೆಯ ಫಲಕ: ರಾಜಕೀಯ, ರಿಯಲ್ ಎಸ್ಟೇಟ್ ಚರ್ಚೆ ಬೇಡ. ಬೆಂಗಳೂರಿಗರು ರಾಜಕೀಯ, ರಿಯಲ್ ಎಸ್ಟೇಟ್ ಬಿಟ್ಟು ಇನ್ನೇನು ಮಾತಾಡಬೇಕು ಎಂಬ ಗಂಭೀರ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿಡೋಣ.

ಈಗ ರಸ್ತೆಯಾಚೆಯ ಬಾರನ್ನು ನೋಡಿ. ಮೆತ್ತನೆಯ ಸೋಫಾ, ಎಸಿ, ಗೋಡೆ ತುಂಬ ಕ್ರಿಕೆಟ್ಟು. ಮಸಾಲೆ ಕಡ್ಲೆಬೀಜ ಕೇಳುವ ಮೊದಲೇ ಬರುತ್ತದೆ. ಎರಡು ಗಂಟೆ ಕೂತರೂ ಎದ್ದೇಳಿ ಎನ್ನುವವರಿಲ್ಲ. ಎದ್ದೇಳಿ ಎನ್ನುವ ಬದಲು ಹುಡುಗ ಬಂದು ಮೆಲ್ಲಗೆ 'ಅಣ್ಣಾ, ರಿಪೀಟಾ?' ಎನ್ನುತ್ತಾನೆ. ಅತ್ತರೆ ಟಿಶ್ಯೂ ಕೊಡುತ್ತಾನೆ. ಈ ಊರಿನಲ್ಲಿ 24 ವರ್ಷದ ಗಂಡಸು ನಾಲ್ಕು ಜನರೆದುರು ಅತ್ತರೆ ಮಾಫಿಯಿರುವ ಜಾಗ ಇದೊಂದೇ. ಕಾಫಿ ಕುಡಿಯುವವನಿಗೆ ನಿಲ್ಲುವ ಶಿಕ್ಷೆ, ಎಣ್ಣೆ ಹೊಡೆಯುವವನಿಗೆ ಒರಗುವ ಭಾಗ್ಯ. ಸಂಪೂರ್ಣ ಕ್ರಾಂತಿಗೆ ಕರೆಕೊಟ್ಟ ಜಯಪ್ರಕಾಶ ನಾರಾಯಣರ ಹೆಸರಿಟ್ಟುಕೊಂಡ ಬಡಾವಣೆಯಲ್ಲಿ ಬಿಯರನ್ನು ಕಣ್ಣೆದುರೇ ತಯಾರಿಸಿ ಬಡಿಸುತ್ತಾರೆ. ಅಷ್ಟರ ಮಟ್ಟಿಗೆ ಪಾರದರ್ಶಕತೆ ಬಂದಿದೆ.

ಪಾರ್ಕಿಗೆ ಹೋಗಬಹುದಲ್ಲ ಎನ್ನುತ್ತೀರಿ. 2024ರಲ್ಲಿ ನಗರದ ಬಾರುಗಳಿಗೆ ರಾತ್ರಿ ಒಂದು ಗಂಟೆಯವರೆಗೆ ಬಾಗಿಲು ತೆರೆದಿಡಲು ಸರ್ಕಾರ ಅನುಮತಿ ಕೊಟ್ಟಿತು. ಅದೇ ವರ್ಷ ಪಾಲಿಕೆ ದೊಡ್ಡ ಮನಸ್ಸು ಮಾಡಿ ಪಾರ್ಕುಗಳನ್ನು ರಾತ್ರಿ ಹತ್ತರವರೆಗೆ ತೆರೆದಿಡುತ್ತೇವೆಂದಿತು. ಅದಕ್ಕೆ ಮುಂಚೆ ಮಧ್ಯಾಹ್ನ ಬೀಗ, ಎಂಟಕ್ಕೆ ಸೀಟಿ. ಈಗಲೂ ಎಷ್ಟೋ ಕಡೆ ಕಾವಲುಗಾರನ ಗಡಿಯಾರ ಆದೇಶಕ್ಕಿಂತ ಮುಂದೆ ಓಡುತ್ತದೆ. ಒಳಗೆ ಹೋದರೆ ಓಡಬಾರದು, ಗುಂಪಾಗಿ ಕೂರಬಾರದು, ಗಡಿಯಾರದ ದಿಕ್ಕಿನಲ್ಲೇ ನಡೆಯಬೇಕು. ಕುಡಿತ ಬಿಟ್ಟವನು ಒಬ್ಬನೇ ಗಡಿಯಾರದ ದಿಕ್ಕಿನಲ್ಲಿ ಹನ್ನೆರಡು ಸುತ್ತು ಹೊಡೆದು ಹೊರಬಂದರೆ ಮುಂದಿನ ದಾರಿಯನ್ನು ಕಬಾಬಿನ ವಾಸನೆ ತೋರಿಸುತ್ತದೆ.

ಸರ್ಕಾರಕ್ಕೆ ಈ ಹುಡುಗನ ಬಗ್ಗೆ ಕಾಳಜಿಯಿಲ್ಲ ಎನ್ನುವುದು ಶುದ್ಧ ಸುಳ್ಳು. ಸಂವಿಧಾನದ 47ನೇ ವಿಧಿ ಪಾನನಿರೋಧಕ್ಕೆ ಪ್ರಯತ್ನಿಸಬೇಕೆನ್ನುತ್ತದೆ, ಅದರಂತೆ ನಮ್ಮಲ್ಲಿ ಮದ್ಯಪಾನ ಸಂಯಮ ಮಂಡಳಿಯಿದೆ, ಅದು ಕೊಡುವ ಸಂಯಮ ಪ್ರಶಸ್ತಿಯಿದೆ. ಮಂಡಳಿ ಒಂದು ಕೈಯಲ್ಲಿ ಸಂಯಮ ಕಲಿಸುತ್ತಿದ್ದರೆ, ಇನ್ನೊಂದು ಕೈಯಲ್ಲಿ 2025-26ರ ಬಜೆಟ್ಟು ಅಬಕಾರಿ ಇಲಾಖೆಗೆ 40,000 ಕೋಟಿ ರೂಪಾಯಿಯ ಗುರಿ ಕೊಟ್ಟಿತು. ಹಿಂದಿನ ವರ್ಷದ ಗುರಿ 38,525 ಕೋಟಿ. ಶಾಲೆಯ ಮಗುವಿಗೆ ಗುರಿಯಿಲ್ಲದಿರಬಹುದು, ಕುಡಿಯುವವನಿಗೆ ಪ್ರತಿವರ್ಷ ಗುರಿ ಏರುತ್ತದೆ. ಸರ್ಕಾರಿ ಸ್ವಾಮ್ಯದ ಎಂಎಸ್‌ಐಎಲ್ ಮಗುವಿಗೆ 'ಲೇಖಕ್' ನೋಟ್‌ಬುಕ್ ಮಾರುತ್ತದೆ, ಅಮ್ಮನಿಗೆ ಚೀಟಿ ನಡೆಸುತ್ತದೆ, ಅಪ್ಪನಿಗೆ ಮದ್ಯದಂಗಡಿ ಇಟ್ಟಿದೆ. ಒಂದು ಕುಟುಂಬದ ಬಗ್ಗೆ ಇಷ್ಟು ಸಮಗ್ರವಾಗಿ ಯೋಚಿಸುವ ಸಂಸ್ಥೆ ಇನ್ನೆಲ್ಲಿದೆ? 2023ರ ಆರಂಭದಲ್ಲಿ ಕುಡಿಯುವ ವಯಸ್ಸನ್ನು 21ರಿಂದ 18ಕ್ಕೆ ಇಳಿಸಲು ಕರಡು ಹೊರಬಿತ್ತು. ಜನ ಗಲಾಟೆ ಮಾಡಿದ ಮೇಲೆ ವಾಪಸು ಹೋಯಿತು. ಗುರಿ ಮುಟ್ಟಬೇಕಾದರೆ ಆಟಗಾರರನ್ನು ಚಿಕ್ಕ ವಯಸ್ಸಿನಲ್ಲೇ ಗುರುತಿಸಬೇಕು, ಇದನ್ನು ಜನ ಅರ್ಥಮಾಡಿಕೊಳ್ಳಲಿಲ್ಲ.

ಇನ್ನು ಜೂನ್ 26, ಮಾದಕ ವಸ್ತು ವಿರೋಧಿ ದಿನ. ಕಾಲೇಜು ಹುಡುಗರು ಬಿಸಿಲಿನಲ್ಲಿ ಜಾಥಾ ಹೋಗುತ್ತಾರೆ, ಪ್ರತಿಜ್ಞೆ ಮಾಡುತ್ತಾರೆ, ಅತಿಥಿಗಳಿಗೆ ಶಾಲು ಹೊದಿಸುತ್ತಾರೆ. ಆ ಸಾಲಿನಲ್ಲಿ ಗಾಂಜಾ ಬಿಟ್ಟು ಮೂರು ತಿಂಗಳಾದವನೊಬ್ಬ ಬ್ಯಾನರಿನ ಒಂದು ಕೋಲು ಹಿಡಿದು ನಡೆಯುತ್ತಿರುತ್ತಾನೆ. ತನ್ನ ಕಥೆ ಹೇಳಿಕೊಂಡರೆ ಅವನಿಗೆ ಸಿಗುವುದು ಶಾಲಲ್ಲ, ಟಿಸಿ.

ಕಚೇರಿಯ ಕಥೆ ಬೇರೆ. ಮೂವತ್ತೆಂಟನೆಯವನ ಕಂಪನಿಯಲ್ಲಿ ಗೆದ್ದರೆ ಪಾರ್ಟಿ, ಸೋತರೆ ಪಾರ್ಟಿ, ಕೆಲಸ ಬಿಟ್ಟವನಿಗೆ ಪಾರ್ಟಿ, ಕೆಲಸಕ್ಕೆ ಸೇರಿದವನಿಗೆ ಪಾರ್ಟಿ. ಇದಕ್ಕೆ ಟೀಮ್ ಬಾಂಡಿಂಗ್ ಎಂದು ಹೆಸರು. ಅವನು 'ಬೇಡ ಗುರು' ಎಂದರೆ ಟೇಬಲ್ಲಿನ ಮಾತು ನಿಂತುಹೋಗುತ್ತದೆ. 'ಯಾಕೋ ಮಗಾ, ಏನಾಯ್ತೋ? ಹುಡುಗಿ ಬೇಡ ಅಂದ್ಲಾ?' ಕುಡಿಯುವವನನ್ನು ಯಾಕೆ ಕುಡಿಯುತ್ತೀಯೆಂದು ಯಾರೂ ಕೇಳುವುದಿಲ್ಲ. ಕುಡಿಯದವನು ಕಾರಣ ಕೊಡಬೇಕು, ಸಾಧ್ಯವಾದರೆ ಡಾಕ್ಟರ ಚೀಟಿ ಸಮೇತ. ಅದಕ್ಕೇ ಅವನು ಆಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದೇನೆ ಎನ್ನುತ್ತಾನೆ. ಈ ಊರಿನಲ್ಲಿ ಎರಡೆರಡು ವರ್ಷದಿಂದ ಆಂಟಿಬಯೋಟಿಕ್ ಕೋರ್ಸಿನಲ್ಲಿರುವ ಹುಡುಗರಿದ್ದಾರೆ. ಯಾವ ಸೋಂಕೋ, ಬೇಗ ಗುಣವಾಗಲಿ ಪಾಪ.

ಮದುವೆ ಮಾತುಕತೆಯಲ್ಲಿ ಇನ್ನೂ ಚೆಂದ. 'ಹುಡುಗ ಕುಡೀತಾನಾ?' ಎಂದು ಹೆಣ್ಣಿನ ಕಡೆಯವರು ಕೇಳುತ್ತಾರೆ. 'ಯಾವಾಗಾದ್ರೂ ಒಂದೊಂದ್ಸಲ, ಸೋಷಿಯಲ್ ಅಷ್ಟೇ' ಎಂದರೆ 'ಓ, ಸೋಷಿಯಲ್ಲಾ, ಬಿಡಿ, ಈ ಕಾಲದಲ್ಲಿ ಯಾರು ಕುಡಿಯಲ್ಲ' ಎನ್ನುತ್ತ ಕೇಸರಿಭಾತಿಗೆ ಕೈ ಹಾಕುತ್ತಾರೆ. 'ಇಲ್ಲ, ಪೂರ್ತಿ ಬಿಟ್ಟಿದಾನೆ' ಎಂದು ನೋಡಿ! ಚಮಚ ಅರ್ಧದಲ್ಲೇ ನಿಲ್ಲುತ್ತದೆ. 'ಬಿಟ್ಟಿದಾನೆ ಅಂದ್ರೆ... ಮುಂಚೆ ಕುಡೀತಿದ್ದ ಅಂತಾಯ್ತು.' ಈಗ ಕುಡಿಯುವವನು ಅಳಿಯನಾಗಬಹುದು, ಮುಂಚೆ ಕುಡಿಯುತ್ತಿದ್ದವನಿಗೆ ಯೋಗ್ಯತೆ ಸಾಲದು.

ನಮ್ಮ ಸಾಹಿತ್ಯವೂ ಇವನ ಕೈಹಿಡಿಯಲಿಲ್ಲ. ಕನ್ನಡದ ಅತ್ಯಂತ ಜನಪ್ರಿಯ ಕುಡುಕ ಯೆಂಡ್ಕುಡುಕ ರತ್ನ, ಅವನನ್ನು ಹುಟ್ಟಿಸಿದ ಜಿ.ಪಿ. ರಾಜರತ್ನಂ ಸ್ವತಃ ಕುಡಿಯದವರು. ಆ ರತ್ನನಾದರೂ ದೇವರೇ ಬಂದು ಕೇಳಿದರೆ ಹೆಂಡ ಬಿಡಲು ತಯಾರಿದ್ದ. ಬಿಟ್ಟ ಮಾರನೆಯ ದಿನ ಸಂಜೆ ಎಲ್ಲಿಗೆ ಹೋಗಬೇಕೆಂದು ದೇವರನ್ನು ಕೇಳಲು ಅವನಿಗೂ ಹೊಳೆಯಲಿಲ್ಲ. ಸಿನಿಮಾದಲ್ಲಿ 1992ರ 'ಜೀವನ ಚೈತ್ರ'ದಲ್ಲಿ ರಾಜ್‌ಕುಮಾರ್ ಸಾರಾಯಿ ಓಡಿಸಿದರು, 2007ರ ಜುಲೈ 1ರಿಂದ ಸರ್ಕಾರವೂ ಸಾರಾಯಿ ಓಡಿಸಿತು. ಅಲ್ಲಿಂದಾಚೆಗೆ ಎಣ್ಣೆ ಹಾಡಿಲ್ಲದ ಸಿನಿಮಾಕ್ಕೆ ಯು ಸರ್ಟಿಫಿಕೇಟ್ ಸಿಕ್ಕರೂ ಥಿಯೇಟರ್ ಸಿಗುವುದು ಕಷ್ಟ.

ಆದರೆ ಕುಡಿಯದವರ ಸಮುದಾಯ ಕಟ್ಟುವುದು ನಮಗೆ ಬರುವುದೇ ಇಲ್ಲ ಎಂದರೆ ಅನ್ಯಾಯವಾದೀತು. ಬಹಳ ಚೆನ್ನಾಗಿ ಬರುತ್ತದೆ. ಡಿಸೆಂಬರ್ ತಿಂಗಳಲ್ಲಿ ಬನಶಂಕರಿಯ ಯಾವ ಬೀದಿಗಾದರೂ ಬನ್ನಿ, ಕಪ್ಪು ಪಂಚೆ, ಕೊರಳಲ್ಲಿ ತುಳಸಿಮಾಲೆ, ಬರಿಗಾಲು. ಅಯ್ಯಪ್ಪನ ಮಾಲೆ ಹಾಕಿದವನು 41 ದಿನ ಕುಡಿಯುವುದಿಲ್ಲ, ಮತ್ತು ಆ 41 ದಿನ ಒಬ್ಬನೇ ಒಬ್ಬ ಅವನನ್ನು ಯಾಕೆಂದು ಕೇಳುವುದಿಲ್ಲ. ನಿನ್ನೆಯವರೆಗೆ 'ಲೇ ಮಗಾ' ಎನ್ನುತ್ತಿದ್ದ ಮ್ಯಾನೇಜರು ಇವತ್ತು 'ಸ್ವಾಮಿ, ಆ ಫೈಲು' ಎನ್ನುತ್ತಾನೆ. ಗುಂಪಿನಲ್ಲಿ ಬಾಟಲಿ ಹೊರಬಂದರೆ 'ಸ್ವಾಮಿ ಇದಾರೆ ಕಣ್ರೋ, ಒಳಗಿಡ್ರೋ' ಎಂಬ ಗದರಿಕೆ. ಎಲ್ಲರ ಹೆಸರೂ ಸ್ವಾಮಿ, ಹಾಗಾಗಿ ಯಾರ ಹೆಸರೂ ಹೊರಬೀಳುವುದಿಲ್ಲ. ದಿನಾ ಸಂಜೆ, ಅಂದರೆ ಸರಿಯಾಗಿ ಆ ಹಾಳು ಏಳು ಗಂಟೆಗೆ, ಒಂದೇ ಜಾಗದಲ್ಲಿ ಭಜನೆ, ಪ್ರಸಾದ. ಕೂರಲು ಜಮಖಾನೆ. ಕೈ ನಡುಗಿದರೆ, ಮನಸ್ಸು ಜಾರಿದರೆ ಹಿಡಿದು ಕೂರಿಸಲು ಗುರುಸ್ವಾಮಿ, ವರ್ಷವರ್ಷ ಬೆಟ್ಟ ಹತ್ತಿಳಿದ ಹಳೆಯ ಹುಲಿ. ಅಮೆರಿಕದವರು ಇದನ್ನೇ ಸ್ಪಾನ್ಸರ್, ಫೆಲೋಶಿಪ್ ಎಂದು ಪುಸ್ತಕ ಬರೆದು ಜಗತ್ತಿಗೆ ಹಂಚಿದರು. ನಾವು ಹೂವಿನಂಗಡಿಯ ಪಕ್ಕ ಶಾಮಿಯಾನ ಹಾಕಿ ಮಾಡಿ ಮುಗಿಸುತ್ತೇವೆ.

ಮಕರ ಸಂಕ್ರಾಂತಿ ಕಳೆಯುತ್ತದೆ. ಮಾಲೆ ತೆಗೆದಾಯಿತು. ಬಸ್ಸಿಳಿಯುವ ಹೊತ್ತಿಗೆ ಗೆಳೆಯರು ಕಾದಿರುತ್ತಾರೆ. 'ಸ್ವಾಮಿ, ಮಾಲೆ ತೆಗೆದ್ರಾ? ಹಂಗಾದ್ರೆ ಬಾರೋ ಮಗಾ.' ಒಂದೇ ವಾಕ್ಯದಲ್ಲಿ ಸ್ವಾಮಿ ಮಗನಾಗುತ್ತಾನೆ. ಜಮಖಾನೆ ಮಡಿಚುತ್ತಾರೆ, ಶಾಮಿಯಾನ ಬಿಚ್ಚುತ್ತಾರೆ, ಗುರುಸ್ವಾಮಿ ತಮ್ಮ ಹಾರ್ಡ್‌ವೇರ್ ಅಂಗಡಿಗೆ ಮರಳುತ್ತಾರೆ. 41 ದಿನದ ಸಮುದಾಯ ಕಟ್ಟುವುದರಲ್ಲಿ ನಮ್ಮನ್ನು ಮೀರಿಸಿದವರಿಲ್ಲ. 42ನೇ ದಿನಕ್ಕೆ ನಮ್ಮಲ್ಲಿ ಶಾಸ್ತ್ರವಿಲ್ಲ.

ಹುಡುಗಿಯರಿಗೆ ಆ 41 ದಿನವೂ ಇಲ್ಲ. ಹೆಂಗಸರೂ ಶಬರಿಮಲೆಗೆ ಹೋಗಬಹುದೆಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟರೂ ಬೀದಿಯ ಶಾಮಿಯಾನದಲ್ಲಿ 24ರ ಹುಡುಗಿಗೆ ಜಮಖಾನೆ ಹಾಸಿದ್ದನ್ನು ನಾನು ಕಂಡಿಲ್ಲ. ಅವಳು ಕುಡಿಯುತ್ತಿದ್ದಾಗ ಜಗತ್ತು 'ಹುಡುಗೀರೂ ಕುಡಿಯೋ ಕಾಲ ಬಂತಲ್ಲಪ್ಪ' ಎಂದು ನಿಟ್ಟುಸಿರು ಬಿಟ್ಟಿತು. ಬಿಟ್ಟಳೆಂದರೆ ಅದನ್ನು ಹೇಳಿಕೊಳ್ಳಲು, ಮೊದಲು ಕುಡಿಯುತ್ತಿದ್ದೆನೆಂದು ಒಪ್ಪಿಕೊಳ್ಳಬೇಕು. ಆದ್ದರಿಂದ ಜಯನಗರದ ದಾಖಲೆಗಳ ಪ್ರಕಾರ ಅಂಥ ಹುಡುಗಿಯೇ ಇಲ್ಲ. ಸಮಸ್ಯೆಯನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ಬಗೆಹರಿಸಿದ ಇನ್ನೊಂದು ಬಡಾವಣೆ ಇರಲಾರದು.

1840ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ ಆರು ಜನ ಕುಡುಕರು ಇನ್ನು ಕುಡಿಯುವುದು ಬೇಡ ಎಂದು ಸಂಘ ಕಟ್ಟಿದರು. ವಾಷಿಂಗ್ಟೋನಿಯನ್ನರು ಎಂದು ಹೆಸರಾಯಿತು. ಸಂಘ ಹುಟ್ಟಿದ್ದು ಹೆಂಡದಂಗಡಿಯಲ್ಲಿ. ಇನ್ನೆಲ್ಲಿ ಹುಟ್ಟಬೇಕಿತ್ತು? ಕೂರಲು ಬೇರೆ ಜಾಗ ಇರಲಿಲ್ಲವಲ್ಲ. ಲಕ್ಷಗಟ್ಟಲೆ ಜನ ಸೇರಿದರು, ರಾಜಕೀಯ ಹೊಕ್ಕಿತು, ಕೆಲವೇ ವರ್ಷದಲ್ಲಿ ಮುಳುಗಿತು. ಆ ಪಾಠವನ್ನೂ ನೆನಪಿನಲ್ಲಿಟ್ಟು 1935ರಲ್ಲಿ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ತನ್ನ ಸುತ್ತ ಬೇಲಿ ಹಾಕಿಕೊಂಡಿತು. ರಾಜಕೀಯ ಬೇಡ, ಹೆಸರು ಬೇಡ, ಹೊರಗಿನವರ ದುಡ್ಡು ಬೇಡ. ಸೇರಲು ಬೇಕಾದ್ದು ಕುಡಿತ ಬಿಡುವ ಆಸೆಯೊಂದೇ. 1957ರಿಂದ ಭಾರತದಲ್ಲಿದೆ, ಬೆಂಗಳೂರಿನಲ್ಲಿ ಚರ್ಚಿನ ಹಾಲುಗಳಲ್ಲಿ, ಶಾಲೆಯ ಕೊಠಡಿಗಳಲ್ಲಿ ಕನ್ನಡದಲ್ಲೂ ಸಭೆ ನಡೆಯುತ್ತದೆ. ಟೀ, ಬಿಸ್ಕತ್ತು, ಅರ್ಧವರ್ತುಲದಲ್ಲಿ ಪ್ಲಾಸ್ಟಿಕ್ ಕುರ್ಚಿ. ಹೌದು, ಕುರ್ಚಿ! ಇಷ್ಟು ವರ್ಷ ಆ ಚಳವಳಿ ಬದುಕಿದ್ದರ ಗುಟ್ಟು ಹನ್ನೆರಡು ಹೆಜ್ಜೆಗಳಲ್ಲಿದೆ ಎನ್ನುತ್ತಾರೆ, ನನಗೇನೋ ಆ ಕುರ್ಚಿಗಳ ಮೇಲೇ ಅನುಮಾನ.

ಮೂವತ್ತೆಂಟನೆಯವನು ಅಲ್ಲಿಗೂ ಹೋದ. ಎಲ್ಲರೂ ಪ್ರೀತಿಯಿಂದಲೇ ಮಾತಾಡಿಸಿದರು. ಆದರೆ ಸುತ್ತ ಕೂತವರೆಲ್ಲ ಐವತ್ತು ದಾಟಿದ ಅಂಕಲ್‌ಗಳು, ಲಿವರು, ಪೆನ್ಷನ್ನು, ಮಗಳ ಮದುವೆ. 'ನಿನ್ನ ವಯಸ್ಸಿಗೆ ನಾವು ಶುರುವೇ ಮಾಡಿರಲಿಲ್ಲ ಕಣಪ್ಪ' ಎಂದು ಒಬ್ಬರು ಬೆನ್ನು ತಟ್ಟಿದರು. ಹೊಗಳಿದರೋ ಬೈದರೋ ಅವನಿಗೆ ತಿಳಿಯಲಿಲ್ಲ. ಸಭೆ ಒಂದೂವರೆ ಗಂಟೆಯಲ್ಲಿ ಮುಗಿಯಿತು, ಶನಿವಾರ ಮುಗಿದಿರಲಿಲ್ಲ. ಅವನಿಗೆ ಬೇಕಿದ್ದದ್ದು ಆಮೇಲೆ ಜೊತೆಗೆ ದೋಸೆ ತಿನ್ನುವ, ಭಾನುವಾರ ಕ್ರಿಕೆಟ್ ಆಡುವ, ಬ್ರೇಕಪ್ಪಿನ ಗೋಳು ಕೇಳುವ ತನ್ನ ವಯಸ್ಸಿನ ನಾಲ್ಕು ಜನ.

ಅಂಥದ್ದನ್ನು ಮಾಡಿ ತೋರಿಸಿದವರಿದ್ದಾರೆ. ಕೊಲರಾಡೋದಲ್ಲಿ 2006ರಲ್ಲಿ ಶುರುವಾದ 'ದಿ ಫೀನಿಕ್ಸ್' ವ್ಯಾಯಾಮ, ಬೆಟ್ಟ ಹತ್ತುವುದು, ಸೈಕಲ್ ತುಳಿಯುವುದನ್ನೆಲ್ಲ ಪುಕ್ಕಟೆಯಾಗಿ ಮಾಡಿಸುತ್ತದೆ. ಪ್ರವೇಶ ಶುಲ್ಕ ಒಂದೇ, ಹಿಂದಿನ 48 ಗಂಟೆ ಕುಡಿದಿರಬಾರದು. ಈ ನಿಯಮವನ್ನು ದಕ್ಷಿಣ ಬೆಂಗಳೂರಿನ ಯಾವುದಾದರೂ ಪ್ರತಿಷ್ಠಿತ ಕ್ಲಬ್ಬಿಗೆ ಅನ್ವಯಿಸಿ ನೋಡಿ, ಕೋರಂ ಸಿಗದೆ ವಾರ್ಷಿಕ ಸಭೆ ಮುಂದಕ್ಕೆ ಹೋಗುತ್ತದೆ. ಅಮೆರಿಕದ ಮಾತೇಕೆ, ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯವರು ಹಳ್ಳಿಗಳಲ್ಲಿ ಎಂಟು ದಿನದ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿದ ಮೇಲೆ ಬಿಟ್ಟವರನ್ನು ಸೇರಿಸಿ ನವಜೀವನ ಸಮಿತಿ ಮಾಡುತ್ತಾರೆ. ಒಂಬತ್ತನೇ ದಿನ ಬಂದೇ ಬರುತ್ತದೆ ಎಂಬ ಸರಳ ಲೆಕ್ಕ ಬೆಳ್ತಂಗಡಿಯ ಹಳ್ಳಿಗೆ ಗೊತ್ತಿತ್ತು. ಕಂಪ್ಯೂಟರ್ ಕಂಡುಹಿಡಿದವರಂತೆ ಮೆರೆಯುವ ನಮ್ಮೂರಿಗೆ ಎಂಟರ ಮುಂದಿನ ಅಂಕಿ ಇನ್ನೂ ಬಂದಿಲ್ಲ.

ಬರದೇ ಇಲ್ಲ, ಮಾರುಕಟ್ಟೆಗೆ ಬಂದಿದೆ. ಈಚೆಗೆ ಕಾಫಿ ರೇವ್ ಎಂಬುದು ಶುರುವಾಗಿದೆ. ಬೆಳಗಿನ ಹೊತ್ತು ಕೆಫೆಯಲ್ಲಿ ಡಿಜೆ ಹಾಕಿ, ಕೋಲ್ಡ್ ಬ್ರೂ ಹಿಡಿದು ಕುಣಿಯುವುದು. ಮದ್ಯವಿಲ್ಲ. ಟಿಕೆಟ್ ಇದೆ. ನಮ್ಮ ಹುಡುಗ ಕಷ್ಟಪಟ್ಟು ದುಡ್ಡು ಹೊಂದಿಸಿ ಹೋಗಿ ನೋಡಿದರೆ ಪಕ್ಕದಲ್ಲಿ ಕುಣಿಯುತ್ತಿದ್ದವನು ರಾತ್ರಿಯ ಹ್ಯಾಂಗೋವರ್ ಇಳಿಸಿಕೊಳ್ಳಲು ಬಂದವನು. ಇವನು ಮೆಲ್ಲಗೆ ತಾನು ಬಿಟ್ಟವನೆಂದು ಹೇಳಿಕೊಂಡ. 'ವಾವ್ ಬ್ರೋ, ನಾನೂ ಸೋಬರ್, ಸೋಮವಾರದಿಂದ ಗುರುವಾರದವರೆಗೆ!' ಎಂದು ಅವನು ತಬ್ಬಿಕೊಂಡ. ಕೌಂಟರಿನಲ್ಲಿ ಸೊನ್ನೆ ಪರ್ಸೆಂಟ್ ಬಿಯರ್ ಇಟ್ಟಿದ್ದರು. ಅದೇ ಹಸಿರು ಬಾಟಲಿ, ಅದೇ ನೊರೆ, ಅದೇ ಕಂಪನಿ. ಟಿವಿಯಲ್ಲಿ ಮದ್ಯದ ಜಾಹೀರಾತು ಕೂಡದೆಂದಾಗ ಅದೇ ಹೆಸರಿನ ಸೋಡಾ, ಅದೇ ಹೆಸರಿನ ಸಂಗೀತದ ಸಿ.ಡಿ. ಮಾರಿದವರಿಗೆ ಬಿಟ್ಟವರ ಮೇಲೆ ಇಷ್ಟು ಮಮತೆ ಉಕ್ಕಿದ್ದರಲ್ಲಿ ಆಶ್ಚರ್ಯವೇನು.

ನಿಜ ಹೇಳಬೇಕೆಂದರೆ, ತಾನು ಅಂಥ ಸಮುದಾಯವೆಂದು ಎಂದೂ ಡಂಗುರ ಹೊಡೆಯದ ಒಂದೆರಡು ಜಾಗ ಈ ಭಾಗದಲ್ಲಿವೆ. ಬನಶಂಕರಿಯಲ್ಲಿ 1971ರಿಂದ ಜನರಿಗೆ ಒಳ್ಳೆಯ ಸಿನಿಮಾ ತೋರಿಸುತ್ತ ಬಂದ ಸುಚಿತ್ರಾ ಇದೆ. ಜೆ.ಪಿ. ನಗರದಲ್ಲಿ 2004ರಲ್ಲಿ ತೆರೆದ ರಂಗಶಂಕರ ಇದೆ. ಅಲ್ಲಿ ನಾಟಕ ಶುರುವಾದ ಮೇಲೆ ಮಂತ್ರಿ ಬಂದರೂ ಬಾಗಿಲು ತೆರೆಯುವುದಿಲ್ಲ. ಮೂವತ್ತೆಂಟನೆಯವನಿಗೆ ಇದು ಬಹಳ ಹಿಡಿಸಿತು. ಅವನ ಚಪಲಕ್ಕೆ ಯಾವಾಗಲೂ ತಡವಾಗಿ ಬರುವ ಅಭ್ಯಾಸ. ಏಳೂವರೆಗೆ ಬಾಗಿಲು ಬಿದ್ದರೆ ಅದು ಹೊರಗೆ, ಇವನು ಒಳಗೆ. ನಾಟಕಕ್ಕೆ ಮುಂಚೆ ಅಲ್ಲಿನ ಕೆಫೆಯಲ್ಲಿ ಸಾಬುದಾನಿ ವಡೆ, ಮೆಟ್ಟಿಲ ಮೇಲೆ ಕೂತರೆ ಯಾರೂ ಎಬ್ಬಿಸುವುದಿಲ್ಲ. ಅಲ್ಲೇ ಅವನಿಗೆ ಇನ್ನೂ ಇಬ್ಬರು ಸಿಕ್ಕರು, ಅದರಲ್ಲೊಬ್ಬಳು ಆ ದಾಖಲೆಯಲ್ಲಿಲ್ಲದ ಹುಡುಗಿ. ಮೂವರೂ ಆಂಟಿಬಯೋಟಿಕ್ ಕೋರ್ಸಿನಲ್ಲಿದ್ದರು, ಹಾಗಾಗಿ ಗುರುತು ಹತ್ತುವುದು ಕಷ್ಟವಾಗಲಿಲ್ಲ. ದಿನಾ ನಾಟಕ ನೋಡಲು ದುಡ್ಡಿಲ್ಲ, ನಮ್ಮದೇ ಒಂದು ಜಾಗವಿದ್ದರೆ ಎಂದು ಮಾತು ಬಂತು. ಬಡಾವಣೆಯ ನಿವಾಸಿಗಳ ಸಂಘಕ್ಕೊಂದು ಸಭಾಂಗಣ ಇದೆಯಲ್ಲ? ಬೆಳಿಗ್ಗೆ ನಗೆಕೂಟ, ಯೋಗ, ಸಂಜೆ ವಿಷ್ಣು ಸಹಸ್ರನಾಮ, ತಿಂಗಳಿಗೊಮ್ಮೆ ಹುಟ್ಟುಹಬ್ಬ. ಅರವತ್ತು ದಾಟಿದವರಿಗೆ ಜಯನಗರದಲ್ಲಿ ಮದ್ಯವಿಲ್ಲದ ಸಮಾಜ ಯಾವತ್ತೋ ಸಿದ್ಧವಾಗಿದೆ. ಅಲ್ಲಿಯವರೆಗೆ ಇನ್ನು 36 ವರ್ಷ ತಡೆದುಕೊಳ್ಳಲಾಗದ ಈ ಮೂವರು ಅರ್ಜಿ ಹಾಕಿದರು: ಶನಿವಾರ ಸಂಜೆ 7ರಿಂದ 10, ಬಾಡಿಗೆ ನಾವೇ ಕೊಡುತ್ತೇವೆ, ಕಸ ನಾವೇ ಗುಡಿಸುತ್ತೇವೆ.

ಮುಂದಿನದನ್ನು ನಾನು ಊಹಿಸಿ ಬರೆಯುತ್ತಿದ್ದೇನೆ. ಯಾವುದೇ ಸಂಘಕ್ಕೆ ಹೋಲಿಕೆ ಕಂಡುಬಂದರೆ ಅದು ಎಲ್ಲ ಸಂಘಗಳೂ ಒಂದೇ ಥರ ಇರುವುದರಿಂದ.

ಕಾರ್ಯದರ್ಶಿಗಳು ಅರ್ಜಿ ಓದಿದರು. 'ಇವರು ಕುಡುಕರಂತೆ ಸಾರ್.'

'ಅಲ್ಲ ಸಾರ್, ಕುಡಿಯದೇ ಇರೋರು.'

'ಕುಡಿಯದೇ ಇರೋಕೆ ಸಭೆ ಯಾಕ್ರೀ ಬೇಕು? ನಾನೂ ಕುಡಿಯಲ್ಲ, ನಾನೇನು ಸಭೆ ಸೇರ್ತೀನಾ?' ಎಂದು ಅಧ್ಯಕ್ಷರು ಸಭೆಯನ್ನುದ್ದೇಶಿಸಿ ಕೇಳಿದರು.

ಖಜಾಂಚಿಗಳ ಚಿಂತೆ ಸೈಟಿನ ಬೆಲೆಯದು. ಇಂಥವರು ಸೇರುತ್ತಾರೆಂದು ಗೊತ್ತಾದರೆ ಚದರಡಿ ದರ ಏನಾಗಬೇಕು? ಮೂಲೆಯಲ್ಲಿ ವೈನ್ ಸ್ಟೋರ್ ಬಂದಾಗ ಏನಾಯಿತೆಂದು ಯಾರೋ ಕೇಳಿದರು. ಏನೂ ಆಗಲಿಲ್ಲ, ಏರಿತು. ಓಡಾಟ ಜಾಸ್ತಿಯಾಯಿತಲ್ಲ. ಸದಸ್ಯರ ಹೆಸರು, ಆಧಾರ್ ಪ್ರತಿ ಕೊಡಲಿ ಎಂದರೆ ಅವರು ಹೆಸರು ಹೇಳುವ ಪೈಕಿ ಅಲ್ಲವಂತೆ. 'ಹೆಸರು ಹೇಳಲ್ಲ ಅಂದ್ರೆ ಯಾವ ಜನಾನೋ ಏನೋ,' ಎಂದು ಉಪಾಧ್ಯಕ್ಷರು ಬೋಂಡ ಮುರಿದರು. ಹುಡುಗ ಹುಡುಗಿ ಒಟ್ಟಿಗೆ ಕೂರುತ್ತಾರಂತೆ ಎಂಬ ಸುದ್ದಿ ಬಂದಾಗ ಬೋಂಡ ಅಲ್ಲೇ ನಿಂತಿತು. ಸ್ಪಾನ್ಸರ್ ಯಾರೂ ಇಲ್ಲವಂತೆ, ಕೊಟ್ಟರೂ ಮುಟ್ಟುವುದಿಲ್ಲವಂತೆ, ತಮ್ಮತಮ್ಮಲ್ಲೇ ಇಪ್ಪತ್ತು, ಐವತ್ತು ಎತ್ತುತ್ತಾರಂತೆ. ದುಡ್ಡು ಬೇಡವೆನ್ನುವ ಸಂಘವನ್ನು ಹಿರಿಯ ಸದಸ್ಯರಾರೂ ಈವರೆಗೆ ಕಂಡಿರಲಿಲ್ಲವಾದ್ದರಿಂದ ಅನುಮಾನ ಬಲವಾಯಿತು. ಅರ್ಜಿ ತಿರಸ್ಕರಿಸುವುದೆಂದು ಬರೆಯಲು ಕಾರ್ಯದರ್ಶಿಗಳು ಪೆನ್ನು ತೆಗೆದರು.

ಆಗ ಸಾಂಸ್ಕೃತಿಕ ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡರು. 'ಸಾರ್, ಡಿಸೆಂಬರ್ ಮೂವತ್ತೊಂದು ಬರ್ತಾ ಇದೆ.'

ಸಭೆ ನಿಶ್ಶಬ್ದವಾಯಿತು. ಹೋದ ವರ್ಷ ಸಂಘದ ಹೊಸವರ್ಷದ ಕೂಟ ಮುಗಿಸಿ ಹೊರಟವರಲ್ಲಿ ನಾಲ್ವರನ್ನು ಪೊಲೀಸರು ತಡೆದು ಊದಿಸಿದ್ದರು. ಅಧ್ಯಕ್ಷರೂ ಊದಿದ್ದರು. ಕ್ಯಾಬ್ ಸಿಗುವುದಿಲ್ಲ, ಸಿಕ್ಕರೆ ಮೂರು ಪಟ್ಟು.

ನಿರ್ಣಯ ಹೀಗೆ ದಾಖಲಾಯಿತು: ಸದರಿ ಯುವಜನರಿಗೆ ಸಭಾಂಗಣವನ್ನು ಪ್ರತಿ ಮಂಗಳವಾರ ಮಧ್ಯಾಹ್ನ 3ರಿಂದ 4 ಗಂಟೆಯವರೆಗೆ ಒದಗಿಸುವುದು. ಕುರ್ಚಿ ಬೇಕಾದಲ್ಲಿ ಅವರೇ ತಂದುಕೊಳ್ಳತಕ್ಕದ್ದು. ಹೊರಗೆ ಯಾವುದೇ ಬೋರ್ಡು ಹಾಕಕೂಡದು. ಸದರಿಯವರು ಕುಡಿಯುವುದಿಲ್ಲವೆಂದು ಲಿಖಿತವಾಗಿ ತಿಳಿಸಿರುವುದರಿಂದ, ಡಿಸೆಂಬರ್ 31ರ ರಾತ್ರಿ 1 ಗಂಟೆಗೆ ಸಭಾಂಗಣದ ಮುಂದೆ ಹಾಜರಿದ್ದು, ಸಂಘದ ಪದಾಧಿಕಾರಿಗಳನ್ನು ಅವರವರ ಕಾರಿನಲ್ಲಿ ಕ್ಷೇಮವಾಗಿ ಮನೆ ಮುಟ್ಟಿಸತಕ್ಕದ್ದು. ಈ ಬಾಬ್ತಿಗೆ ಹೆಸರು ಹೇಳುವ ಅಗತ್ಯವಿಲ್ಲ, ಡ್ರೈವಿಂಗ್ ಲೈಸೆನ್ಸ್ ಸಾಕು.